ಎತ್ತಿನ ಕೋಡಿನ ಬಣ್ಣ, ಕಾರಿನ ಬ್ರೇಕಿಗೆ

ಕಾರಿನ ಬ್ರೇಕಿಗೆ ಬಣ್ಣ ಬಳಿದವರನ್ನು ನೀವು ನೋಡಿದ್ದೀರಾ? ನಾನು ಅಂಥವರ ಜೊತೆ ಸಂಸಾರವನ್ನೇ ಮಾಡಿದ್ದೇನೆ.

ಷಡಕ್ಷರಿ ಎಂದು ಊರೆಲ್ಲ ಕರೆಯುವ ನಮ್ಮ ಯಜಮಾನರು ಎಪ್ಪತ್ತೈದನೇ ಇಸವಿಯಲ್ಲಿ ಅಣ್ಣನಿಂದ ಪಾಲು ತೆಗೆದುಕೊಂಡರು. ಜೋಡೆತ್ತು ಭಾವನವರಿಗೆ ಹೋಯಿತು. ಇವರು ಕಡೂರಿಗೆ ಹೋಗಿ ಒಂದು ಹಳೇ ಅಂಬಾಸಿಡರ್ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದರು.

"ಕಾರಲ್ಲಿ ಹೊಲ ಉಳ್ತೀಯೇನೋ?" ಎಂದರು ಶಿವಮೂರ್ತಪ್ಪ ಭಾವ.

"ನಿನ್ನ ಎತ್ತು ಎದ್ದು ನಿಲ್ಲೋದ್ರೊಳಗೆ ನಾನು ಶಿವನಿ ಸ್ಟೇಷನ್ ಮುಟ್ಟಿರ್ತೀನಿ" ಎಂದರು ಇವರು.

ಅದೇ ಕೊನೆಯ ಮಾತು. ಮೂರು ವರ್ಷ ಅಣ್ಣತಮ್ಮಂದಿರು ಎದುರಿಗೆ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋದರು. ಇದ್ದದ್ದೋ ಒಂದೇ ಬೀದಿ. ಮೊದಲು ನಮ್ಮ ಮನೆ, ಅದರಾಚೆ ಏರಿನ ಮೇಲೆ ಅವರ ಮನೆ. ನಾನೂ ನನ್ನ ವಾರಗಿತ್ತಿ ಕರಿಬಸಮ್ಮಕ್ಕನೂ ಮಾತ್ರ ಹೆಪ್ಪಿಗೆ ಮಜ್ಜಿಗೆ, ಒಗ್ಗರಣೆಗೆ ಕರಿಬೇವು ಎಂದು ನೆಪ ಹೂಡಿ ಹಿತ್ತಲಲ್ಲಿ ಕದ್ದು ಮಾತಾಡುತ್ತಿದ್ದೆವು. ಗಂಡಸರ ಜಂಬಕ್ಕೆ ನಾವ್ಯಾಕೆ ಬಾಯಿ ಕಟ್ಟಿಕೊಳ್ಳಬೇಕು?

ಮೂರನೇ ವರ್ಷ ಮಠದ ಗುರುಗಳು ನಮ್ಮೂರಿಗೆ ಬರುವುದೆಂದಾಯಿತು. ಶಿವನಿಯಲ್ಲಿ ರೈಲಿಳಿದು, ಊರಿನ ಒಂದೇ ಒಂದು ಮನೆಯಲ್ಲಿ ಪಾದಪೂಜೆ ಮುಗಿಸಿ, ಸಂಜೆ ರೈಲಿಗೇ ವಾಪಸ್ಸು. ಅತ್ತೆ ಬದುಕಿದ್ದಾಗಿನಿಂದಲೂ ಭಾವ ಈ ಪೂಜೆಗಾಗಿ ಬೇಡಿಕೊಂಡು ಬಂದಿದ್ದರು. ಆದರೆ ಸ್ಟೇಷನ್ನಿನಿಂದ ಕರೆತರುವ ಕಾರು ಇದ್ದದ್ದು ನಮ್ಮಲ್ಲಿ. ಮಠದವರು ನಮ್ಮ ಮನೆಯನ್ನೇ ಗೊತ್ತು ಮಾಡಿದರು. ಇವರು ನೆಲದ ಮೇಲೆ ನಡೆಯುವುದನ್ನೇ ಬಿಟ್ಟರು.

"ನಿಮ್ ಭಾವ ನಿನ್ನೆಯಿಂದ ತುತ್ತು ಬಾಯಿಗಿಟ್ಟಿಲ್ಲ ಕಣೇ ಮಲ್ಲಿ" ಎಂದಳು ಕರಿಬಸಮ್ಮಕ್ಕ.

"ಅಣ್ಣನ್ನೂ ಪೂಜೆಗೆ ಕರೀರಿ" ಎಂದು ಇವರಿಗೆ ಹೇಳಿದೆ.

"ಅವನೇ ಬಂದು ಕೇಳ್ಲಿ" ಎಂದರು. ಆಹಾ, ಅಣ್ಣನಿಗೆ ತಕ್ಕ ತಮ್ಮ!

ಗುರುಗಳು ಬರುವ ಹಿಂದಿನ ದಿನ ಕಾರು ತೊಳೆದದ್ದೇ ತೊಳೆದದ್ದು. ನಾನು ಬಾಣಂತನದಲ್ಲಿ ಮಗುವಿಗೂ ಅಷ್ಟು ನೀರು ಹೊಯ್ದಿರಲಿಲ್ಲ. ತೊಳೆಯಲು ಇನ್ನೇನೂ ಉಳಿಯದೆ ಚಕ್ರ ಬಿಚ್ಚಿದರು. ಒಳಗೆ ಬಾಣಲೆಯಂಥ ಒಂದೊಂದು ಕಬ್ಬಿಣದ ಡ್ರಮ್ಮು, ತುಕ್ಕು ಹಿಡಿದು ಕೂತಿತ್ತು. ಬ್ರೇಕ್ ತುಳಿದಾಗ ಅದರ ಒಳಮೈಗೆ ಪಟ್ಟಿ ಉಜ್ಜಿದರೆ ಕಾರು ನಿಲ್ಲುತ್ತದಂತೆ. ಅದಕ್ಕೂ ಬಣ್ಣ ಬಳಿಯುತ್ತೇನೆಂದು ಹೊರಟರು.

"ಅದು ಯಾರ ಕಣ್ಣಿಗೆ ಬೀಳುತ್ತೇರೀ?" ಎಂದೆ.

"ಗುರುಗಳು ಕೂರೋ ಗಾಡಿ ಕಣೇ. ಕಾಣೋ ಕಡೆ ಮಾತ್ರ ಚೊಕ್ಕ ಮಾಡೋಕೆ ಇದೇನು ನೆಂಟ್ರು ಬಂದಾಗ ನೀನು ಗುಡಿಸೋ ಪಡಸಾಲೆಯಾ?"

ಅಟ್ಟದ ಮೇಲೆ, ದೀಪಾವಳಿಗೆ ಎತ್ತಿನ ಕೋಡಿಗೆ ಬಳಿಯುತ್ತಿದ್ದ ಕೆಂಪು ಬಣ್ಣದ ಡಬ್ಬಿ ಇತ್ತು. ಪಾಲಿನಲ್ಲಿ ಎತ್ತು ಆ ಕಡೆ ಹೋಗಿ ಬಣ್ಣ ಈ ಕಡೆ ಉಳಿದಿತ್ತು. ತರೀಕೆರೆಯಿಂದ ಟರ್ಪೆಂಟೈನ್ ತರಿಸಿ, ಗಟ್ಟಿಯಾಗಿದ್ದನ್ನು ಕಲಸಿ, ಡ್ರಮ್ಮಿನ ಹೊರಗೂ ಬಳಿದರು, ಒಳಗೂ ಬಳಿದರು. ಬೇಗ ಒಣಗಲೆಂದು ನನ್ನ ನೀರೊಲೆಯ ಬಾಯಿಗೇ ಒಡ್ಡಿದರು. ಆ ದಿನ ಮಿಂದವರೆಲ್ಲ ಬಣ್ಣದಂಗಡಿಯ ವಾಸನೆ ಹೊಡೆಯುತ್ತಿದ್ದೆವು.

ಮರುದಿನ ಬೆಳಿಗ್ಗೆ ಶಿವನಿಗೆ ಹೊರಡುವಾಗ, "ಬ್ರೇಕು ಯಾಕೋ ಮೆತ್ತಗಾಗೈತೆ. ಹೊಸ ಬಣ್ಣ, ಹೊಂದ್ಕೊಳ್ಳುತ್ತೆ ಬಿಡು" ಎಂದರು. ನಾನೇನು ಕಂಡೆ?

ನಾನು ರಂಗೋಲಿ ಬಿಟ್ಟು, ಕಳಸ ಹಿಡಿದು, ಊರ ಹೆಂಗಸರ ಜೊತೆ ಬಾಗಿಲಲ್ಲಿ ನಿಂತೆ. ಕಾರು ನಿಧಾನಕ್ಕೆ ಬಂತು. ನಮ್ಮ ಬಾಗಿಲಿಗೆ ಬಂತು. ರಂಗೋಲಿ ತುಳಿಯಿತು. ಹಾಗೇ ಮುಂದಕ್ಕೆ ಹೋಯಿತು! ಚಕ್ರದಿಂದ ಹೊಗೆ. ಒಳಗೆ ನಮ್ಮ ಯಜಮಾನರು ಬ್ರೇಕ್ ತುಳಿಯುತ್ತಾ, ಹಳೇ ಅಭ್ಯಾಸದಲ್ಲಿ "ಹೋ! ಹೋ!" ಎಂದು ಎತ್ತು ನಿಲ್ಲಿಸುವ ಹಾಗೆ ಕೂಗುತ್ತಿದ್ದರು.

ಕಾರು ಏರು ಹತ್ತಿ, ಉಸಿರು ಕಟ್ಟಿ, ಸರಿಯಾಗಿ ಭಾವನ ಬಾಗಿಲಲ್ಲಿ ನಿಂತು, ಹಿಂದಕ್ಕೆ ಜಾರತೊಡಗಿತು. ಎತ್ತಿಗೆ ನೀರು ಕುಡಿಸುತ್ತಿದ್ದ ಭಾವ ಓಡಿಬಂದು ಚಕ್ರದ ಹಿಂದೆ ಕಲ್ಲು ಕೊಟ್ಟರು. ಗುರುಗಳು ಇಳಿದರು. ಭಾವನ ಕೈಗೆ ಸಿಕ್ಕಿದ್ದು ಎತ್ತಿಗೆ ತಂದಿದ್ದ ಒಂದು ಬಿಂದಿಗೆ ನೀರು ಮಾತ್ರ. ಅದನ್ನೇ ಗುರುಗಳ ಪಾದಕ್ಕೆ ಹೊಯ್ದುಬಿಟ್ಟರು. ಯಾವ ಹೊಸ್ತಿಲ ಮುಂದೆ ಪಾದಕ್ಕೆ ನೀರು ಬಿತ್ತೋ ಅಲ್ಲೇ ಪೂಜೆ, ಅದು ನಮ್ಮ ಕಡೆಯ ರೂಢಿ.

ಗುರುಗಳು ನಕ್ಕರು. "ಏನಪ್ಪಾ ಷಡಕ್ಷರಿ, ನಿಮ್ಮಿಬ್ಬರ ಜಗಳಾನ ಈ ಕಾರಿಗೆ ಯಾರೂ ಹೇಳಿಲ್ವಾ?"

ಊರಿಗೆ ಊರೇ ನಕ್ಕಿತು. ನಮ್ಮನೆಯವರು ಮಾತ್ರ ಸ್ಟೀರಿಂಗ್ ಹಿಡಿದು ಕೂತಲ್ಲೇ ಕೂತಿದ್ದರು. ನಾನು ಕಾದು ನಿಲ್ಲಲಿಲ್ಲ. ಹೋಳಿಗೆಯ ಬುಟ್ಟಿ, ಪಾಯಸದ ಕೊಳದಪ್ಪಲೆ, ಪೂಜೆಯ ತಟ್ಟೆ, ಎಲ್ಲವನ್ನೂ ಹೊರಿಸಿಕೊಂಡು ಏರು ಹತ್ತಿದೆ. ಮೂರು ವರ್ಷದ ಮೇಲೆ ಅಕ್ಕನ ಮನೆಗೆ ಮುಂಬಾಗಿಲಿನಿಂದ ಹೋದೆ. ಅವಳು ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ.

ಪೂಜೆಯ ಹೊತ್ತಿಗೆ ಇವರು ಬಂದು ಬಾಗಿಲ ಮರೆಯಲ್ಲಿ ನಿಂತಿದ್ದರು. ಅಣ್ಣತಮ್ಮಂದಿರು ಆಗಲೂ ಮಾತಾಡಲಿಲ್ಲ. ಸಂಜೆ ಗುರುಗಳನ್ನು ಶಿವನಿ ಸ್ಟೇಷನ್ನಿಗೆ ಮುಟ್ಟಿಸಿದ್ದು ಭಾವನ ಎತ್ತಿನ ಗಾಡಿ.

ಗಾಡಿ ಹಿಂತಿರುಗಿದಾಗ ಇವರು ಭಾವನ ಬಾಗಿಲಲ್ಲೇ ಕಾರಿನ ಚಕ್ರ ಬಿಚ್ಚಿಕೊಂಡು ಕೂತಿದ್ದರು. ಭಾವ ನೊಗ ಇಳಿಸಿ, ಸೀದಾ ಬಂದು ಡ್ರಮ್ಮಿನೊಳಗೆ ಬೆರಳಾಡಿಸಿ ಕೆಂಪಾದ ಬೆರಳನ್ನು ನೋಡಿದರು.

"ಲೇ, ಇದು ನಮ್ ಎತ್ತಿನ ಕೋಡಿನ ಬಣ್ಣ ಅಲ್ವೇನೋ?"

"ಹೂಂ ಕಣಣ್ಣ."

"ಒಳಗ್ ಯಾಕೋ ಬಳಿದೆ, ಪೆದ್ದ ನನ್ಮಗನೆ! ಜೀವ ಹೋಗಿದ್ರೆ?"

ಅಷ್ಟು ಬೈಸಿಕೊಂಡದ್ದೇ ತಡ, ಕಾರಿಟ್ಟ ಜಂಬದ ನಮ್ಮನೆಯವರು ಮಗುವಿನ ಹಾಗೆ ಅತ್ತುಬಿಟ್ಟರು. ಭಾವ ಒಂದು ತುಂಡು ಉಪ್ಪುಕಾಗದ ಕಿತ್ತುಕೊಂಡು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಇಬ್ಬರೂ ಸೇರಿ ಕತ್ತಲಾಗುವವರೆಗೆ ಡ್ರಮ್ಮಿನ ಒಳಮೈ ಉಜ್ಜಿದರು. ನಾನು ಕಾಫಿ ತಂದಿಟ್ಟಾಗ ಇವರು ಹೊರಮೈ ಉಜ್ಜಲು ಡ್ರಮ್ಮು ಮಗುಚಿದ್ದರು. ಭಾವ ಕೈ ಹಿಡಿದು ತಡೆದರು.

"ಹೊರಗಿಂದು ಇರ್ಲಿ ಬಿಡೋ. ಚೆನ್ನಾಗೈತೆ."