ಅಪ್ಪಿಯ ಬೊಜ್ಜ

"ಮೂಗು ಸುರಿಸಬೇಡ ಬೇವರ್ಸಿ, ಅನ್ನಕ್ಕೆ ಬೀಳ್ತದೆ. ಸತ್ತವಳಿಗೆ ಬಡಿಸುದು ಅದು," ಎಂದ ಜಾತಿಯ ಗುರಿಕಾರ ಕುಕ್ಕಪ್ಪ.

ಸೀತು ಸೌಟು ಬಿಡದೆ ಮೊಣಕೈಯಿಂದ ಕಣ್ಣೊರೆಸಿಕೊಂಡಳು. ಮಗಳು ಅಪ್ಪಿ ಸತ್ತಿರಲಿಲ್ಲ. ನೆಟ್ಟಣದಲ್ಲಿ ಹೊಸ ರೈಲುಹಳಿಗೆ ಜಲ್ಲಿ ಹೊರಲು ಹೋದವಳು ಅಲ್ಲೇ ಸುಂದರನನ್ನು ಕಟ್ಟಿಕೊಂಡಿದ್ದಳು. ಈಗ ದಿನ ತುಂಬಿದ ಬಸುರಿ. ಹುಡುಗ ಜಾತಿಯವನೇ, ಆದರೆ ಇಬ್ಬರದೂ ಒಂದೇ ಬರಿ, ಒಂದೇ ಗೋತ್ರವಿದ್ದ ಹಾಗೆ. ತಾಯಿಯಿಂದ ಮಕ್ಕಳಿಗೆ ಇಳಿಯುವ ಬರಿ ಒಂದಾದರೆ, ಮುಖ ಕಾಣದವರೂ ಅಣ್ಣ ತಂಗಿಯೇ.

ಜಾತಿಯ ಕೂಟ ಸೇರಿ ತೀರ್ಮಾನಿಸಿತ್ತು: ಬದುಕಿರುವವಳಿಗೆ ಬೊಜ್ಜ, ಸತ್ತವರಿಗೆ ಮಾಡುವ ಉತ್ತರಕ್ರಿಯೆ. ಆಮೇಲೆ ಅವಳ ಹೊಸ್ತಿಲನ್ನು ಯಾರೂ ತುಳಿಯುವಂತಿಲ್ಲ. ಒಪ್ಪದಿದ್ದರೆ ಈ ಮನೆಯ ಹೆಣಕ್ಕೆ ಹೆಗಲಿಲ್ಲ. ಜಗಲಿಯಲ್ಲಿ ಮಲಗಿ ರಕ್ತ ಕೆಮ್ಮುತ್ತಿದ್ದ ಸೀತುವಿನ ಗಂಡ ವೆಂಕಪ್ಪ ಒಪ್ಪಿಕೊಂಡಿದ್ದ.

ಧಣಿಗಳ ಗುತ್ತಿನ ಮನೆಯಲ್ಲಿ ಇಂಥದೇ ಮದುವೆಯಾದಾಗ ಭಟ್ಟರು ದಾರಿ ಹುಡುಕಿ ಕೊಟ್ಟರಲ್ಲ ಎಂದು ಸೀತು ಕೇಳಿದ್ದಳು. ಕುಕ್ಕಪ್ಪ ನಕ್ಕಿದ್ದ. "ಧಣಿಗಳ ಬರಿ ಕೇಳ್ಲಿಕ್ಕೆ ನೀನು ಯಾರು ಮಾರಾಯ್ತಿ? ಬೊಜ್ಜಕ್ಕೆ ಅಕ್ಕಿ ಕೊಟ್ಟದ್ದೇ ಅವರು."

ಒಳಕೋಣೆಯಲ್ಲಿ ಎಲೆ ಹಾಕಿದರು. ಬಡಿಸಿ ಬಾಗಿಲೆಳೆಯಬೇಕು, ಸತ್ತವಳು ಬಂದು ಉಂಡು ಹೋಗುವವರೆಗೆ ಎಲ್ಲರೂ ಅಂಗಳದಲ್ಲಿ ಕಾಯಬೇಕು. ಸೀತು ಅನ್ನ ಹಿಡಿದು ಒಳಗೆ ಹೋದಳು. ಒಳಗಿನಿಂದಲೇ ಚಿಲಕ ಬಿತ್ತು. ಕುಕ್ಕಪ್ಪ ಕರೆದ, ಬೈದ, ಬಾಗಿಲು ಬಡಿದ.

ಬಾಗಿಲು ತೆರೆದಾಗ ಎಲೆ ಖಾಲಿ. ಸೀತುವಿನ ಬಲಗೈಗೆ ಅನ್ನ ಅಂಟಿಕೊಂಡಿತ್ತು.

"ಸತ್ತವಳ ಎಲೆಯಲ್ಲಿ ಉಂಡಿಯಾ?"

"ಅವಳಿಗೆ ಬರಿ ಕೊಟ್ಟದ್ದು ನಾನು, ಗುರಿಕಾರ್ರೆ. ಅವಳೊಟ್ಟಿಗೆ ನಾನೂ ಸತ್ತೆ. ಸತ್ತವಳ ಬಾಣಂತನಕ್ಕೆ ಸತ್ತವಳು ಹೋಗುದು, ಅದಕ್ಕೆ ನಿಮ್ಮ ಕೂಟ ಎಂತಕ್ಕೆ? ಜಗಲಿಯಲ್ಲಿ ಮಲಗಿದ ಇವರು ನಿಮ್ಮ ಮಾತು ನಡೆಸಿದ್ದಾರೆ. ಇವರಿಗೆ ನೀವು ಹೆಗಲು ಕೊಡ್ಬೇಕು."

ಜಗಲಿಗೆ ಬಂದು ಚೆಂಬಿನ ನೀರನ್ನು ಗಂಡನ ತುಟಿಗೆ ಹಿಡಿದಳು. ವೆಂಕಪ್ಪ ಅವಳನ್ನೇ ನೋಡಿದ. ನೀರಿಗೆ ಬಾಯಿ ತೆರೆಯಲಿಲ್ಲ.

ಅವಳು ಚೆಂಬನ್ನು ಅವನ ಕೈಗೆ ಎಟುಕುವಲ್ಲಿ ಇಟ್ಟು ಅಂಗಳಕ್ಕಿಳಿದಳು. ತಡೆಯಲು ಕೈ ಚಾಚಿದ ಕುಕ್ಕಪ್ಪ, ಮುಟ್ಟಿದರೆ ಮೈಲಿಗೆಯೆಂದು ಹಿಂದೆಳೆದುಕೊಂಡ. ಪಂಚೆ ಎತ್ತಿ ಹಿಡಿದು ಜನ ಎರಡೂ ಕಡೆ ಸರಿದರು. ಕೈ ತೊಳೆಯದೆ, ನಡುವಿನ ದಾರಿಯಲ್ಲಿ ಸೀತು ನೆಟ್ಟಣದ ಕಡೆಗೆ ನಡೆದಳು.

ಹಿಂದೆ ಜಗಲಿಯಲ್ಲಿ ಚೆಂಬು ಉರುಳಿದ ಸದ್ದಾಯಿತು.