ಕೋಣೆಗೆ ಇನ್ನೊಂದು ಮಂಚ

ಮಹಾಂತಪ್ಪನವರ ಲೆಕ್ಕವೆಂದರೆ ವೆಲ್ಲಿಂಗ್ಟನ್ನಿನ ಆ ಕಚೇರಿಯಲ್ಲಿ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ. ಯಾವ ಹೊಸ ಯೋಜನೆಗೆ ಎಷ್ಟು ಖರ್ಚು ಬಿದ್ದೀತೆಂದು ಅಂದಾಜು ಕಟ್ಟಿಕೊಡುವ ಸಲಹಾ ಸಂಸ್ಥೆ ಅದು. ಬಾಗಲಕೋಟೆಯ ಈ ಮನುಷ್ಯ ಅಲ್ಲಿ ಬೇರುಬಿಟ್ಟು ಕೂತಿದ್ದರು. ಮನೆಯ ಬೀಗ ಹಾಕಿ ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಎಳೆದು ನೋಡುವ ಪೈಕಿ. ಇಷ್ಟು ಅಚ್ಚುಕಟ್ಟಿನವರು ಒಂದು ವಿಷಯದ ಬಗ್ಗೆ ಮಾತ್ರ ಕಚೇರಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅವರ ಒಬ್ಬನೇ ಮಗ ಕಲ್ಲೇಶ್ ಜೈಲಿನಲ್ಲಿದ್ದ.

ಕುಡಿದು ಕಾರು ಓಡಿಸಿ, ಸೈಕಲ್ ಮೇಲೆ ಹೊರಟಿದ್ದ ಒಬ್ಬನ ಪ್ರಾಣ ತೆಗೆದಿದ್ದ. ಮೂರು ವರ್ಷದ ಶಿಕ್ಷೆ. ಯಾರಾದರೂ ಕೇಳಿದರೆ ತಾಯಿ ನೀಲಗಂಗಾ, "ಪರ್ತ್‌ನಾಗ ಕೆಲಸ ಸಿಕ್ಕೈತ್ರಿ" ಅನ್ನುತ್ತಿದ್ದರು. ಬಸವ ಜಯಂತಿಗೆ ಸೇರಿದ್ದ ಕನ್ನಡದವರೆದುರು ಆ ಸುಳ್ಳನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಒಬ್ಬಾಕೆ ತನ್ನ ತಂಗಿಯ ಮಗಳ ಫೋಟೋ ತೋರಿಸಿ ಸಂಬಂಧವನ್ನೇ ಪ್ರಸ್ತಾಪಿಸಿದಳು. ಅವತ್ತು ಊರಾಚೆ ಪೊರಿರುವಾದಲ್ಲಿದ್ದ ತಮ್ಮ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಊಟ ಮಾಡಲಿಲ್ಲ.

2016ರಲ್ಲಿ ಒಂದು ಸಂಘಟನೆ ಒಂದು ಪ್ರಶ್ನೆ ಹಿಡಿದು ಊರೂರು ತಿರುಗಿ ಸಹಿ ಸಂಗ್ರಹಿಸತೊಡಗಿತು. ಅಲ್ಲಿನ ಕಾನೂನಿನಂತೆ ಸಾಕಷ್ಟು ಸಹಿ ಬಿದ್ದರೆ ಇಡೀ ದೇಶ ಆ ಪ್ರಶ್ನೆಯ ಮೇಲೆ ಮತ ಹಾಕುತ್ತದೆ. ಫಲಿತಾಂಶವನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ, ಆದರೆ ಚುನಾವಣೆ ಹತ್ತಿರವಿದ್ದಾಗ ಒಪ್ಪದಿರುವ ಎದೆಗಾರಿಕೆ ಯಾವ ಮಂತ್ರಿಗಿದೆ? ಪ್ರಶ್ನೆ ಇದು: ಇನ್ನೊಬ್ಬರ ಸಾವಿಗೆ ಕಾರಣರಾದ ಕೈದಿಗಳಿಗೆ, ಈಗಾಗಲೇ ಒಳಗಿರುವವರಿಗೂ ಸೇರಿ, ಅವಧಿಗೆ ಮುಂಚಿನ ಬಿಡುಗಡೆ ನಿಲ್ಲಿಸಬೇಕೇ? ನಿಲ್ಲಿಸಿದರೆ ಜೈಲಿನ ಖರ್ಚು ಎಷ್ಟು ಏರೀತೆಂದು ಒಂದು ಟ್ರಸ್ಟ್ ಈ ಕಚೇರಿಯನ್ನು ಕೇಳಿತು. ಕೆಲಸ ನೇರ ಮಹಾಂತಪ್ಪನವರ ಮೇಜಿಗೆ ಬಂತು.

ಆಗಲೇ 'ನನಗೆ ಬೇಡ' ಅನ್ನಬೇಕಿತ್ತು. ಹಾಗಂದರೆ ಯಾಕೆಂದೂ ಹೇಳಬೇಕಾಗುತ್ತಿತ್ತು. ನಾಲಿಗೆ ಏಳಲಿಲ್ಲ. ಮಗನ ಕಡೆ ಕೂದಲೆಳೆಯಷ್ಟೂ ವಾಲದಿದ್ದರೆ ಸಾಕಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಆ ಕಚೇರಿಯದೊಂದು ಪದ್ಧತಿ. ಯಾವುದೇ ಖರ್ಚಿಗೆ ಕೆಳಗಿನದು, ನಡುವಿನದು, ಮೇಲಿನದು ಎಂದು ಮೂರು ಅಂದಾಜು. ಬಲವಾದ ಕಾರಣವಿಲ್ಲದಿದ್ದರೆ ನಡುವಿನದೇ ವರದಿಯ ಮೊದಲ ಪುಟಕ್ಕೆ. ಇಲ್ಲಿ ಮೇಲಿನದೆಂದರೆ ಹೊಸ ಜೈಲನ್ನೇ ಕಟ್ಟುವುದು. ನಡುವಿನದು, ಇರುವ ಜೈಲುಗಳಿಗೆ ಹೊಸ ಕಟ್ಟಡ ಮತ್ತು ಸಿಬ್ಬಂದಿ ಸೇರಿಸುವುದು. ಕೆಳಗಿನದು, ಇರುವ ಕೋಣೆಗಳಿಗೇ ಇನ್ನೊಂದೊಂದು ಮಂಚ ತುರುಕಿ ಊಟ ಬಟ್ಟೆಯ ಖರ್ಚಿನಲ್ಲಿ ಮುಗಿಸುವುದು. ದೊಡ್ಡ ಮೊತ್ತ ಕಂಡರೆ ತೆರಿಗೆ ಕಟ್ಟುವ ಜನ ಹೆದರಿ ಬೇಡವೆಂದಾರು, ಕಲ್ಲೇಶ ಬೇಗ ಮನೆಗೆ ಬಂದಾನು. ಈ ಯೋಚನೆ ಹೊಳೆದದ್ದೇ ತಡ, ಮಹಾಂತಪ್ಪ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಬೆವರಿದರು. ಸತ್ತವನಿಗೂ ಒಬ್ಬ ತಾಯಿ ಇದ್ದಾಳೆ, ಅವಳನ್ನು ಅವರು ಕೋರ್ಟಿನಲ್ಲಿ ಕಂಡಿದ್ದರು. ನಡುವಿನ ಮೊತ್ತ ಬರೆಯಲು ಹೋದಾಗಲೆಲ್ಲ ಮಗನಿಗಾಗಿಯೇ ಬರೆದಂತೆ ಅನ್ನಿಸಿತು. ಕೊನೆಗೆ ಕೆಳಗಿನದನ್ನೇ ಮೊದಲ ಪುಟಕ್ಕೆ ಹಾಕಿ, ತಮ್ಮ ಪ್ರಾಮಾಣಿಕತೆ ಉಳಿಯಿತೆಂದು ನಿಟ್ಟುಸಿರು ಬಿಟ್ಟರು. ಭಲೇ ಪ್ರಾಮಾಣಿಕತೆ!

ಲೆಕ್ಕವನ್ನು ಇನ್ನೊಬ್ಬರು ಪರಿಶೀಲಿಸುವುದು ನಿಯಮ. ಪರಿಶೀಲಿಸಿದವಳು ಸ್ಮೃತಿ, ಓದಲೆಂದು ಮೈಸೂರಿನಿಂದ ಬಂದು ಇಲ್ಲೇ ಕೆಲಸಕ್ಕೆ ಸೇರಿದ ಹುಡುಗಿ, ನೀಲಗಂಗಾ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ತಿಂದು ಬದುಕುವವಳು.

"ಅಂಕಲ್, ಯಾವಾಗ್ಲೂ ನಡುವಿಂದೇ ತಗೋತೀರಲ್ಲ, ಇದಕ್ಕೆ ಯಾಕೆ ಕೆಳಗಿಂದು? ಜೈಲುಗಳು ಆಗ್ಲೇ ತುಂಬಿವೆ ಅಂತ ನೀವೇ ಬರೆದಿದೀರ."

"ವಿಚಾರ ಮಾಡೇ ತಗೊಂಡೀನವಾ."

"ನೀವು ಹೇಳಿದ್ಮೇಲೆ ಮುಗೀತು ಬಿಡಿ" ಎಂದು ಅವಳು ಒಪ್ಪಿಗೆ ಕೊಟ್ಟುಬಿಟ್ಟಳು. ಆ ನಂಬಿಕೆ ಮಹಾಂತಪ್ಪನವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಶನಿವಾರ ಮಗನನ್ನು ನೋಡಲು ಒಬ್ಬರೇ ಹೋದರು; ನೀಲಗಂಗಾಗೆ ಜ್ವರವಿತ್ತು. ಕಲ್ಲೇಶನ ಕಣ್ಣು ಕೆಂಪಗಿತ್ತು.

"ನಮ್ಮ ಸೆಲ್‌ನಾಗ ಇನ್ನೊಂದು ಬಂಕ್ ಹಾಕ್ಯಾರಪ್ಪಾ. ಒಬ್ಬ ನಿಂತರ ಇನ್ನೊಬ್ಬ ಮಂಚ ಹತ್ತಿ ಕುಂದರಬೇಕು. ಹೊಸದಾಗಿ ಬಂದಾಂವ ರಾತ್ರಿಯೆಲ್ಲಾ ಅಳತಾನ. ಇಟ್ಸ್ ಓಕೆ. ಬಟ್ ನಿದ್ದಿ ಇಲ್ಲ."

ಆ ಮಂಚವನ್ನು ಮಹಾಂತಪ್ಪ ಹಾಕಿಸಿರಲಿಲ್ಲ, ನಿಜ. ಆದರೆ ಅದೇ ಮಂಚವನ್ನು ಕೋಣೆಕೋಣೆಗೂ ಹಾಕಬಹುದು, ಅದು ಬಲು ಅಗ್ಗ ಎಂದು ಇಡೀ ದೇಶಕ್ಕೆ ಹೇಳಹೊರಟಿದ್ದರು. ಅದೂ ಲೆಕ್ಕ ಹಾಗೆ ಹೇಳಿತೆಂದಲ್ಲ, ನಾಳೆ ಯಾರಾದರೂ ತಮ್ಮತ್ತ ಬೆರಳು ತೋರಿಸಿಯಾರೆಂಬ ಭಯಕ್ಕೆ. ಮಗನ ಕೈ ಹಿಡಿದು ಕೂತರು.

ಸೋಮವಾರ ಮೇಲಧಿಕಾರಿ ಹೆಲೆನ್‌ಳ ಕೋಣೆಗೆ ಹೋದರು. ಜೊತೆಯಲ್ಲಿ ಸ್ಮೃತಿಯನ್ನೂ ಕರೆದರು. ಅವಳ ಒಪ್ಪಿಗೆಯೂ ಆ ವರದಿಯ ಮೇಲಿತ್ತು, ಅವಳಿಗೆ ತಿಳಿಯದಂತೆ ತಿದ್ದುವುದು ಇನ್ನೊಂದು ಕಳ್ಳತನವಾಗುತ್ತಿತ್ತು.

"ಮೊದಲ ಪುಟ ತಪ್ಪಾಗಿದೆ" ಎಂದರು ಇಂಗ್ಲಿಷಿನಲ್ಲಿ. "ನನ್ನ ಮಗ ಜೈಲಿನಲ್ಲಿದ್ದಾನೆ. ಈ ಕೆಲಸ ಕೈಗೆ ಬಂದಾಗಲೇ ಹೇಳಬೇಕಿತ್ತು. ಅವನಿಗೆ ಅನುಕೂಲ ಮಾಡಿಕೊಟ್ಟೆ ಅನ್ನಿಸಿಕೊಳ್ಳಬಾರದೆಂದು ಲೆಕ್ಕವನ್ನು ಅವನ ವಿರುದ್ಧ ಬಗ್ಗಿಸಿದೆ."

ಹೆಲೆನ್ ವರದಿಯನ್ನು ತನ್ನತ್ತ ಎಳೆದುಕೊಂಡಳು. ಹೇಳಿದ್ದು ಒಳ್ಳೆಯದಾಯಿತು, ಆದರೆ ಇನ್ನು ಈ ಕೆಲಸ ನಿಮ್ಮದಲ್ಲ, ನಿಮ್ಮ ಹಳೆಯ ವರದಿಗಳನ್ನೂ ಮತ್ತೆ ನೋಡಬೇಕಾಗುತ್ತದೆ ಎಂದಳು. ಇಷ್ಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದ ಹೆಸರು ಹಾಗೆ ಹೋಯಿತು. ಹೊಸದಾಗಿ ಲೆಕ್ಕ ಕಟ್ಟುವ ಕೆಲಸ ಸ್ಮೃತಿಗೆ ಬಂತು. ಅವಳು ಮಹಾಂತಪ್ಪನವರ ಮುಖ ನೋಡಲಾಗದೆ ಕಿಟಕಿಯ ಕಡೆ ತಿರುಗಿದಳು.

ಮನೆಗೆ ಬಂದವರು ಶೂ ಬಿಚ್ಚದೆ ನಡುಮನೆಯಲ್ಲಿ ನಿಂತು ಎಲ್ಲವನ್ನೂ ಹೆಂಡತಿಗೆ ಹೇಳಿದರು.

"ಸ್ಮೃತಿ ಮುಂದ ಹೇಳೀನಿ. ಇನ್ನ ಮಂದಿಗೆಲ್ಲಾ ಗೊತ್ತಾಗತೈತಿ. ನಿನ್ನ ಮಾತು ಸುಳ್ಳಾತು."

ನೀಲಗಂಗಾ ರೇಗಿಯಾರೆಂದು ಕಾದರು. ಆಕೆ ರೇಗಲಿಲ್ಲ.

"ನಾ ಮಂದಿಗೆ ಅಂಜಿ ಅವನ್ನ ಮುಚ್ಚಿಟ್ಟೆ. ನೀವು ನಿಮ್ಮ ಹೆಸರಿಗೆ ಅಂಜಿ ಅವನ ಕುತ್ತಿಗಿಗೆ ಕೈ ಹಾಕಿದ್ರಿ" ಎಂದರು. "ಕೋರ್ಟಿನಾಗ ವಕೀಲ ಸುಮ್ಮನಿರು ಅಂದ್ರೂ ಎದ್ದು ನಿಂತು, ಆ ತಾಯಿ ಮಾರಿ ನೋಡಿ, ತಪ್ಪು ನಂದು ಅಂದ ನಮ್ಮ ಹುಡುಗ. ಈ ಮನ್ಯಾಗ ಅಷ್ಟು ಎದಿ ಇದ್ದಾಂವ ಅಂವಾ ಒಬ್ಬನ ರೀ. ನಾವಿಬ್ಬರೂ ಅವನ್ನ ನೆನಸಿ ನಾಚಿಕೊಂಡು ಕುಂತೀವಿ."

ಮಗನಿಗೆ ಶಿಕ್ಷೆಯಾದ ದಿನವೂ ಅತ್ತಿರದ ಮಹಾಂತಪ್ಪ ಅಲ್ಲೇ ನೆಲದ ಮೇಲೆ ಕುಸಿದು ಕೂತು, ಸಣ್ಣ ಹುಡುಗರಂತೆ ಅತ್ತರು. ನೀಲಗಂಗಾ ಸುಮ್ಮನಿರಿ ಅನ್ನಲಿಲ್ಲ.