ಅಜ್ಜಿ ಕದ್ದು ತಿನ್ನದ ಸಕ್ಕರೆ

ನಾಗಲಕ್ಷ್ಮಮ್ಮನ ಮೇಲೆ ಕಳ್ಳತನದ ಆರೋಪ ಬಂದು ಹನ್ನೆರಡು ದಿನವಾಗಿತ್ತು. ದಿನಾ ತಿಂಡಿಗೆ ಮೊದಲು ಬೆರಳು ಚುಚ್ಚಿ ಶುಗರ್ ನೋಡಿಕೊಳ್ಳುವ ಮುದುಕಿ ಆಕೆ. ನೂರ ಮೂವತ್ತರ ಆಸುಪಾಸಿನಲ್ಲಿರುತ್ತಿದ್ದ ಅಂಕಿ ಈಗ ನೂರ ತೊಂಬತ್ತು ದಾಟುತ್ತಿತ್ತು.

"ಹೇಳ್ಬಿಡಿ ಅತ್ತೆ, ಬೆಲ್ಲಾನ ಎಲ್ಲಿ ಬಚ್ಚಿಟ್ಟಿದ್ದೀರ?" ಎಂದು ಸೊಸೆ ಲಕ್ಷ್ಮಿದೇವಮ್ಮ ದಿಂಬಿನಡಿಯನ್ನೂ ಹುಡುಕಿದ್ದಳು.

"ಕದ್ದು ತಿಂದಿಲ್ಲ ಅಂತ ಯಾವತ್ತೂ ಹೇಳ್ದೋಳಲ್ಲ ನಾನು. ಈ ಸಲ ಮಾತ್ರ ತಿಂದಿಲ್ಲ ಕಣವ್ವ. ತಿಂದಾದ್ರೂ ಬೈಸ್ಕೊಂಡಿದ್ರೆ ನಾಲಿಗೆಗೆ ಸಮಾಧಾನ ಇರ್ತಿತ್ತು."

ಮೊಮ್ಮಗಳು ಅರ್ಪಿತಳಿಗೆ ಅಜ್ಜಿಯ ಮಾತಿನ ಮೇಲೆ ಅನುಮಾನವಿರಲಿಲ್ಲ. ಅವಳ ಅನುಮಾನವೆಲ್ಲ ಅಡುಗೆಮನೆಯ ಶೆಲ್ಫಿನ ಮೇಲೆ ಕೂತಿದ್ದ, ತನಗೆಂದು ತಂದಿದ್ದ ನೇರಳೆ ಬಣ್ಣದ ಡಬ್ಬಿಯ ಮೇಲಿತ್ತು.

ನಾಲ್ಕು ತಿಂಗಳಿಂದ ಅರ್ಪಿತ ಮುಟ್ಟಾಗಿರಲಿಲ್ಲ. ಬನಶಂಕರಿಯ ಡಾಕ್ಟರು ಪಿಸಿಓಎಸ್, ಅಂಡಾಶಯದ ತೊಂದರೆ ಎಂದಿದ್ದರು. "ನಿಮ್ಮ ಮೈ ಇನ್ಸುಲಿನ್ ಮಾತು ಕೇಳ್ತಿಲ್ಲ. ಹೀಗೇ ಬಿಟ್ರೆ ನಿಮ್ಮಜ್ಜಿ ವಯಸ್ಸಿಗಲ್ಲ, ಮೂವತ್ತೈದಕ್ಕೇ ಡಯಾಬಿಟಿಸ್" ಎಂದು ಮೂರು ತಿಂಗಳ ಮಾತ್ರೆ ಬರೆದುಕೊಟ್ಟಿದ್ದರು. ಚೀಟಿ ಓದಿದ ಲಕ್ಷ್ಮಿದೇವಮ್ಮನ ಮುಖ ಬಿಳಿಚಿತು. ಅದು ಅತ್ತೆ ನುಂಗುವ ಮಾತ್ರೆಯೇ.

"ಮದ್ವೆಗೆ ಮುಂಚೆನೇ ಶುಗರ್ ಮಾತ್ರೆನಾ? ಪಿಳ್ಳಣ್ಣನ ಕಿವಿಗೆ ಬಿದ್ರೆ ಮುಗೀತು."

ಪಿಳ್ಳಣ್ಣ ಅವರದೇ ಕಟ್ಟಡದ ಕೆಳಗೆ ಮೆಡಿಕಲ್ ಸ್ಟೋರ್ ಇಟ್ಟಿದ್ದ ಬಾಡಿಗೆದಾರ. ಬೆಳಗ್ಗೆ ಅವನಿಗೆ ತಿಳಿದದ್ದು ಸಂಜೆಗೆ ಜರಗನಹಳ್ಳಿಗೆಲ್ಲ ತಿಳಿಯುತ್ತಿತ್ತು. ಚೀಟಿ ದೇವರ ಫೋಟೋದ ಹಿಂದೆ ಸೇರಿತು. ಆ ವಾರವೇ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದು, ಮನೆಮನೆಗೆ ಪಿಸಿಓಎಸ್ ಪುಡಿ ಮಾರುತ್ತಿದ್ದ ಅನ್ನಪೂರ್ಣ ಡಬ್ಬಿ ಹಿಡಿದು ಬಂದಳು.

"ಪೂರ್ತಿ ನ್ಯಾಚುರಲ್ ಆಂಟಿ. ಹಾರ್ಮೋನ್ ಸರಿ ಮಾಡೋ ಇನೋಸಿಟಾಲ್ ಇದೆ, ಚಕ್ಕೆ ಇದೆ. ಡಾಕ್ಟರ್ ಚೀಟಿನೂ ಬೇಡ. ನೋಡಿದೋರಿಗೆ ಹೆಲ್ತ್ ಡ್ರಿಂಕ್ ಥರ ಕಾಣತ್ತೆ."

ಆ ಕೊನೆಯ ಮಾತಿಗೇ ಲಕ್ಷ್ಮಿದೇವಮ್ಮ ಡಬ್ಬಿಗೆ ಕೈ ಚಾಚಿದ್ದು.

ಮೂರು ವಾರ ಕುಡಿದರೂ ಅರ್ಪಿತಳಿಗೆ ಹಸಿವು ಹೆಚ್ಚಾಯಿತೇ ಹೊರತು ಬೇರೇನೂ ಆಗಲಿಲ್ಲ. ಡಬ್ಬಿಯ ಮುಂದೆ ದೊಡ್ಡ ಅಕ್ಷರದಲ್ಲಿ 'ಸಕ್ಕರೆ ಸೇರಿಸಿಲ್ಲ' ಎಂದಿತ್ತು. ಒಳಗೇನಿದೆ ಎಂದು ಬರೆದಿರಬೇಕಾದ ಹಿಂಬದಿಗೆ ಸರಿಯಾಗಿ ಆಫರ್ ಸ್ಟಿಕ್ಕರ್ ಮೆತ್ತಿದ್ದರು. ಅರ್ಪಿತ ಮೆಟ್ಟಿಲ ಮೇಲೆ ಅನ್ನಪೂರ್ಣಳನ್ನು ತಡೆದು ಕೇಳಿದಳು:

"ಅಕ್ಕ, ಇದ್ರಲ್ಲಿ ಇನೋಸಿಟಾಲ್ ಎಷ್ಟು ಗ್ರಾಂ ಇದೆ?"

"ಬೇಕಾದಷ್ಟಿದೆ ಕಣಮ್ಮ."

"ಯಾರಿಗೆ ಬೇಕಾದಷ್ಟು?"

"ನೋಡು, ಹೀಗೆ ನೆಗೆಟಿವ್ ಆಗಿ ಯೋಚ್ನೆ ಮಾಡ್ತೀಯಲ್ಲ, ಅದಕ್ಕೇ ಹಾರ್ಮೋನ್ ಏರುಪೇರಾಗೋದು. ನಂಬಿ ಕುಡಿ."

ಅರ್ಪಿತಳ ಮೈ ಉರಿಯಿತು. ವಾಸಿಯಾದರೆ ಪುಡಿಯ ಮಹಿಮೆ, ಆಗದಿದ್ದರೆ ಹೆಣ್ಣಿನ ಮನಸ್ಸಿನ ದೋಷ. ಮಾರುವವರು ಯಾವತ್ತೂ ಸೋಲದ ಹಾಗೆ ಕಟ್ಟಿದ ವ್ಯಾಪಾರ ಇದು. ಸೋಲುವುದಕ್ಕೆ ಹೆಂಗಸರ ಮೈಯಿದೆಯಲ್ಲ.

ದಿನವೂ ಲೋಟ ಹಾಸಿಗೆಯ ಬಳಿಗೇ ಬರುತ್ತಿತ್ತು. ಆ ಭಾನುವಾರ ಬೇಗ ಎದ್ದು ಅಡುಗೆಮನೆಗೆ ಹೋದವಳು ಬಾಗಿಲಲ್ಲೇ ನಿಂತಳು. ಅಮ್ಮ ಚೊಂಬಿನಲ್ಲಿ ಪುಡಿ ಕದಡಿ ಮೂರು ಲೋಟಕ್ಕೆ ಬಗ್ಗಿಸುತ್ತಿದ್ದಳು.

"ಮೂರು ಯಾಕಮ್ಮ?"

"ಒಳ್ಳೇದು ಅಂದ್ಮೇಲೆ ನಿಂಗೊಬ್ಳಿಗೇ ಕೊಟ್ಟು ನಾವು ಬಾಯಿ ನೋಡ್ಕೊಂಡು ಕೂರೋದಾ? ಅತ್ತೆಗೂ ಕೊಡ್ತಿದ್ದೀನಿ, ಎರಡು ವಾರ ಆಯ್ತು."

"ಶುಗರ್ ನೋಡ್ಕೊಳೋಕೆ ಮುಂಚೆನಾ?"

"ಔಷಧಿ ತಾನೇ. ಊಟ ಏನಲ್ವಲ್ಲ."

ಅರ್ಪಿತ ಅಜ್ಜಿಯ ಲೋಟವನ್ನು ಕಸಿದು ಬದಿಗಿಟ್ಟಳು. ಅಜ್ಜಿಯ ಬೆರಳು ಚುಚ್ಚಿದಳು. ನೂರ ಇಪ್ಪತ್ತೆಂಟು.

"ಈಗ ಕುಡಿ ಅಜ್ಜಿ. ಇದೊಂದೇ ಸಲ."

ಒಂದು ಗಂಟೆ ಬಿಟ್ಟು ಇನ್ನೊಂದು ಬೆರಳು. ನೂರ ತೊಂಬತ್ತೇಳು.

ಅಜ್ಜಿ ಸೊಸೆಯ ಕಡೆ ತಿರುಗಿದಳು. "ದಿಂಬಿನ ಕೆಳಗೆ ಇನ್ನೊಂದ್ಸಲ ನೋಡ್ತೀಯೇನವ್ವ?"

ಕೊಬ್ಬರಿ ಎಣ್ಣೆ ಸವರಿ ಉಜ್ಜಿದಾಗ ಸ್ಟಿಕ್ಕರ್ ಎದ್ದುಬಂತು. ಅಡಿಯಲ್ಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್ಟ್ರಿನ್. ಫೋನಿನಲ್ಲಿ ಹುಡುಕಿದಳು: ಮೆಕ್ಕೆಜೋಳದ ಪಿಷ್ಟದಿಂದ ತೆಗೆಯುವ ಪುಡಿ, ಹೊಟ್ಟೆಗಿಳಿದ ಕೂಡಲೇ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಇನೋಸಿಟಾಲ್ ಪಟ್ಟಿಯ ಕೊನೆಯಲ್ಲಿತ್ತು. ಎಷ್ಟೆಂದು ಅಲ್ಲೂ ಬರೆದಿರಲಿಲ್ಲ.

ಲಕ್ಷ್ಮಿದೇವಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಿಂಗೆ ಒಳ್ಳೇದಾಗ್ಲಿ ಅಂತಲೇ..." ಎಂದು ನಿಲ್ಲಿಸಿದಳು. ದೇವರ ಫೋಟೋದ ಹಿಂದಿನಿಂದ ಚೀಟಿ ತೆಗೆದುಕೊಟ್ಟು, ಸಣ್ಣ ದನಿಯಲ್ಲಿ ಸೇರಿಸಿದಳು: "ಜಯನಗರಕ್ಕೆ ಹೋಗಿ ತಗೊ. ಇಲ್ಲಿ ಬೇಡ."

ಅರ್ಪಿತ ಚಪ್ಪಲಿ ಮೆಟ್ಟಿ ಕೆಳಗಿಳಿದಳು. ಪಿಳ್ಳಣ್ಣನ ಅಂಗಡಿಯ ಮುಂದೆ ನಾಲ್ಕು ಜನ ನಿಂತಿದ್ದರು. ಅವಳು ಚೀಟಿಯನ್ನು ಗಾಜಿನ ಮೇಲೆ ಬಿಡಿಸಿಟ್ಟಳು.

"ಅಜ್ಜಿಗೇನಮ್ಮ? ಮೊನ್ನೆ ತಾನೇ ತಗೊಂಡೋದ್ರು."

"ಅಜ್ಜಿಗಲ್ಲ ಅಂಕಲ್, ನಂಗೆ. ಬಿಲ್ಲಲ್ಲಿ ನನ್ನ ಹೆಸರೇ ಬರೀರಿ. ಅರ್ಪಿತ."

ನಾಲ್ಕು ತಲೆಗಳೂ ತಿರುಗಿದವು. ಪಿಳ್ಳಣ್ಣ ದನಿ ತಗ್ಗಿಸಿ "ಆಯ್ತಮ್ಮ, ಆಯ್ತು" ಎನ್ನುತ್ತ, ಹೆಂಗಸರ ಪ್ಯಾಡ್ ಸುತ್ತಿಕೊಡುವ ಹಳೆಯ ಪೇಪರಿಗೆ ಕೈ ಹಾಕಿದ.

"ಸುತ್ಬೇಡಿ ಅಂಕಲ್" ಎಂದಳು ಅರ್ಪಿತ. "ಹಾಗೇ ಕೊಡಿ."